ಇಲ್ಲದ ಸಿ ಡ್ರೈವ್

ಎಸ್ಪಿ ರೋಡಿನ ಎರಡನೇ ಮಹಡಿ. ಕೆಳಗೆ
ಕೀಬೋರ್ಡುಗಳನ್ನು ಸೊಪ್ಪಿನ ಕಟ್ಟಿನಂತೆ ಹೊತ್ತು
ಹೋಗುತ್ತಾನೆ ಒಬ್ಬ; ಕೈಗಾಡಿ, ಹಾರ್ನು, ಸುಟ್ಟ ಜೋಳದ ಹೊಗೆ.
ಮೇಲೆ ನಾನು, ಬೆಸುಗೆಯ ಮೊನೆ, ಬಿಚ್ಚಿಟ್ಟ ಫ್ಯಾನು.

ತಬಸ್ಸುಮ್ ತಂದಿದ್ದಾಳೆ ಆರೂವರೆ ಸಾವಿರದ ಡಬ್ಬಿ.
ನಾವೇ ಮಾರಿದ್ದು. ವಿಂಡೋಸಿಗೆ ದುಡ್ಡು ಸಾಲದೆ
ಲಿನಕ್ಸ್ ಹಾಕಿಕೊಟ್ಟವನು ನಾನೇ.
"ಆಟ ಏಳ್ತಾನೇ ಇಲ್ಲ ಅಣ್ಣಾ," ಎಂದಳು,
ಜ್ವರ ಬಂದ ಮೇಕೆಯ ಸುದ್ದಿ ಹೇಳುವ ದನಿಯಲ್ಲಿ.

ಹಡಗಿನ ಆಟ. ಆರು ತಿಂಗಳು ಆಡಿದ್ದಾಳೆ:
ನಲವತ್ತೊಂದು ದ್ವೀಪ, ಒಂದು ದೀಪಸ್ತಂಭ,
ಸಾಲ ತೀರಿಸಿ ಕೊಂಡ ಎರಡನೇ ಹಡಗು.

ಇದು ಲಿನಕ್ಸಿಗೆಂದೇ ಹೆತ್ತ ಪ್ರತಿ.
ಹೊರಬಂದ ದಿನ ನಾವು ನಾಲ್ಕೈದು ಜನ
ನಗರ್ತಪೇಟೆಯ ತಿರುವಲ್ಲಿ ಬೈಟೂ ಕಾಫಿ ಕುಡಿದು ಕುಣಿದಿದ್ದೆವು,
ಕಡೆಗೂ ನಮ್ಮ ಭಾಷೆಯಲ್ಲೇ ಮಾತಾಡುವ ಒಂದು ಆಟ ಎಂದು.
ಮಾಡಿದವರು ಆಮೇಲೆ ಮರೆತರು. ಒಂದು ತೇಪೆಯಿಲ್ಲ.
ಸುತ್ತಲ ಲೈಬ್ರರಿಗಳು ವರ್ಷಕ್ಕೊಂದು ಹೆಜ್ಜೆ ಮುಂದೆ ಹೋದವು,
ಇದು ಮಾತ್ರ ಹಳೇ ಹೆಸರು ಹಿಡಿದು ಕರೆಯುತ್ತ ನಿಂತಿದೆ
ಯಾರೂ ಓಗೊಡದ ವಠಾರದಲ್ಲಿ.
ಪರದೆ ಕಪ್ಪು. ಒಂದು ಸಾಲು ದೂರು. ಅಷ್ಟೆ.

ವಿಂಡೋಸಿನ ಪ್ರತಿ ಇಳಿಸಿದೆ, ನಡುವೆ ದುಭಾಷಿಯನ್ನು ಕೂರಿಸಿದೆ.
ಆಟ ಕಣ್ಣು ಬಿಟ್ಟದ್ದೇ ಕೇಳುತ್ತದೆ: ನನ್ನ ಸಿ ಡ್ರೈವ್ ಎಲ್ಲಿ?
ಈ ಯಂತ್ರದಲ್ಲಿ ಸಿ ಇಲ್ಲ, ಡಿ ಇಲ್ಲ,
ಅಕ್ಷರದ ಹೆಸರಿನ ಕೋಣೆಯೇ ಇಲ್ಲ.
ದುಭಾಷಿ ಹಾಗನ್ನುವುದಿಲ್ಲ.
ಒಂದು ಫೋಲ್ಡರಿಗೆ ಸುಣ್ಣ ಬಳಿದು, ಬಾಗಿಲಿಗೆ ಸಿ ಎಂದು ಬರೆದು,
ಇಗೋ, ಚಪ್ಪಲಿ ಇಲ್ಲಿ ಬಿಡಿ, ಅನ್ನುತ್ತದೆ.
ಆಟ ಒಳಗೆ ಬಂದು ಕಾಲು ಚಾಚುತ್ತದೆ.

ಮೊದಮೊದಲು ತೊದಲು. ಹೊಸ ಅಲೆಯೊಂದು ಎದ್ದರೆ
ಗಕ್ಕನೆ ನಿಲ್ಲುತ್ತದೆ ಸಮುದ್ರ,
ಈ ನೀಲಿಗೆ ಇಲ್ಲಿ ಏನೆನ್ನುತ್ತಾರೆ ಎಂದು ಹುಡುಕುತ್ತ.
ಅದೇ ಅಲೆ ಮತ್ತೆ ಬಂದಾಗ ನಿಲ್ಲಲಿಲ್ಲ.

ಗಲ್ಲಾದಲ್ಲಿ ಹಸ್ತಿಮಲ್ ಸೇಟು. ಲೆಕ್ಕ ಕೂಡುವುದು
ತುಟಿಯೊಳಗೇ, ಮಾರವಾಡಿಯಲ್ಲಿ; ಮೊತ್ತ ಹೇಳುವುದು ಕನ್ನಡದಲ್ಲಿ.
ನಡುವೆ ಒಂದು ಉಸಿರು.
ಇಪ್ಪತ್ತೆಂಟು ವರ್ಷದಲ್ಲಿ ಆ ಉಸಿರಿನೊಳಗೆ
ಒಂದು ರೂಪಾಯಿ ಬಿದ್ದುಹೋದದ್ದು ನಾ ಕಾಣೆ.

ಆದರೂ ಒಪ್ಪಲು ನನಗೆ ಹೊಟ್ಟೆಯುರಿ.
ಎಲ್ಲರೂ ಹೀಗೇ ದುಭಾಷಿಯ ಹೆಗಲೇರಿ ಬಂದರೆ
ಇಲ್ಲಿಗೆಂದೇ ಕೂತು ಬರೆಯುವವರು ಯಾರು ಇನ್ನು?
ಬರೆದು, ಬಿಟ್ಟು ಹೋಗದವರು?

"ಸೇವ್ ಹೋಯ್ತಾ?" ಅವಳದು ಅದೊಂದೇ ಪ್ರಶ್ನೆ.
ಚುಕ್ಕಿಯಿಂದ ಶುರುವಾಗುವ ಬಚ್ಚಿಟ್ಟ ಫೋಲ್ಡರಿಗೆ
ಕೈ ಹಾಕಿದೆ, ಹಂಡೆಯ ತಳಕ್ಕೆ ಹಾಕಿದಂತೆ. ಇತ್ತು.
ಮುನ್ನೂರ ಹನ್ನೆರಡು ಕಿಲೋಬೈಟು: ಇಡೀ ಸಮುದ್ರ.
ಇಲ್ಲದ ಸಿ ಡ್ರೈವಿಗೆ ಮೆಲ್ಲಗೆ ಇಳಿಸಿದೆ.
ದೀಪಸ್ತಂಭ ಹೊತ್ತಿಕೊಂಡಿತು.

"ಆನ್‌ಲೈನಲ್ಲಿ? ಸಾದಿಯಾ ಜೊತೆ?"
ಆಗಲ್ಲಮ್ಮ. ಅಲ್ಲೊಬ್ಬ ಕಾವಲಿನವ ಕೂತಿದ್ದಾನೆ,
ಗೋಡೆ ತಟ್ಟಿ ನೋಡ್ತಾನೆ, ಟೊಳ್ಳು ಸದ್ದು ಬಂದರೆ
ಕಳ್ಳರು ಅಂತಾನೆ. ನೆಟ್ಟಗೇ ಆಡಿದ್ದರೂ.
ಅವಳು ತಲೆಯಾಡಿಸಿದಳು. ಹೋದ ತಿಂಗಳೆಲ್ಲ
ಅಪ್ಪನ ಜೊತೆ ಬಾಡಿಗೆ ಮನೆ ಹುಡುಕಿ ಸುತ್ತಿದವಳು;
ಬಿಡಿಸಿ ಹೇಳಬೇಕಾಗಲಿಲ್ಲ.

ಸೇಟು ತುಟಿ ಅಲುಗಿತು. ಉಸಿರು. "ಮುನ್ನೂರು."
"ಇನ್ನೂರು ಮಾಡ್ಕೊಳ್ಳಿ," ಎಂದಳು ಕನ್ನಡದಲ್ಲಿ;
ಹಟ ಸಾಗದೆ ದಖನಿಗೆ ಜಾರಿದಳು. ಅವರೂ ಜಾರಿದರು.
ಯಾವ ಭಾಷೆಯಲ್ಲಿ ಇನ್ನೂರೈವತ್ತಕ್ಕೆ ಬಂತೋ,
ಫ್ಯಾನಿನ ಸದ್ದಿನಲ್ಲಿ ನನಗೆ ಕೇಳಲಿಲ್ಲ.