ಮೂರು ದಿನ ಒಂದೇ ಅಂಕಿ

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಹೊಗೆ
ಸಂಜೆಗೆ ಇಳಿದು ಬರುವ ಓಣಿಯಲ್ಲಿ
ನನ್ನದೊಂದು ಬ್ಯಾಟರಿ ಅಂಗಡಿ.
ಹಿಂದಿನ ಕೋಣೆಯಲ್ಲಿ, ಆಸಿಡ್ ಕ್ಯಾನುಗಳಿಂದ ಮಾರು ದೂರ,
ಗೋಣಿತಾಟು ಹೊದ್ದು ಕೂತಿದೆ
ಇಪ್ಪತ್ತು ಲೀಟರಿನ ಡಬ್ಬ,
ಕಿವಿಗೆ ಹತ್ತಿ ಇಟ್ಟುಕೊಂಡ ಬಾಣಂತಿಯ ಹಾಗೆ.

ಮೊಳಕೆ ಬರಿಸಿ ಮಾಳಿಗೆ ಮೇಲೆ ಒಣಗಿಸಿದ ಜವೆಗೋಧಿ,
ಎರಡು ಸೇರು ರಾಗಿ,
ಬೇಕರಿಯ ಗುರುಶಾಂತ ಪೇಪರಿನಲ್ಲಿ ಮಡಿಚಿ ಕೊಟ್ಟ ಯೀಸ್ಟು.
(ಏನಕ್ಕೆ ಅಂತ ಕೇಳಲಿಲ್ಲ. ಕೇಳದಿರುವುದೂ ಒಂದು ಉಪಕಾರ.)
ಮುಚ್ಚಳದಿಂದ ಹೊರಟ ಸಲೈನ್ ಪೈಪು
ನೀರಿನ ಸೀಸೆಯಲ್ಲಿ ಮೂತಿ ಮುಳುಗಿಸಿ
ವಾರವಿಡೀ ಗುಳುಗುಳು ಮಾತಾಡಿತು.
ಎಂಟನೆಯ ದಿನ ಸುಮ್ಮನಾಯಿತು.

"ಸದ್ದು ನಿಂತೈತಿ ಮಾಮ, ಬಾಟ್ಲಿಗೆ ತುಂಬಾನ,"
ಎಂದ ಓಬಳೇಶ, ನನ್ನ ಹೆಂಡತಿಯ ತಮ್ಮ.
ಹೋದ ಸಲವೂ ಹಿಂಗೇ ಅಂದಿದ್ದ.
ತುಂಬಿದೆವು, ಬಿರಡೆ ಜಡಿದೆವು, ಮಂಚದಡಿ ಮಲಗಿಸಿದೆವು.
ಐದನೇ ರಾತ್ರಿ ಎರಡು ಗಂಟೆಗೆ
ಒಂದು, ಆಮೇಲೆ ಮೂರು, ಆಮೇಲೆ ಲೆಕ್ಕ ತಪ್ಪಿತು.
ಯಾರ ಮನೆ ಮದುವೆ ಎಂದು ಓಣಿಯವರು ಎದ್ದು ಬಂದರು.
ಅವನ ಹುಬ್ಬಿನಲ್ಲಿ ಇನ್ನೂ ಇದೆ
ಅಕ್ಕಿಕಾಳಿನಷ್ಟು ಗುರುತು.

ಅದಕ್ಕೇ ಈ ಸಲ ಕಿವಿಯನ್ನು ನಂಬಲಿಲ್ಲ.
ಅಂಗಡಿಯ ಹೊಸ ಹೈಡ್ರೋಮೀಟರೊಂದನ್ನು ಬಿಚ್ಚಿ ಇಳಿಸಿದೆ:
ಆಸಿಡ್ಡಿನಲ್ಲಿ ಠೀವಿಯಿಂದ ತೇಲುವ ಬುರುಡೆ
ಇಲ್ಲಿ ಕಲ್ಲಿನಂತೆ ತಳ ಸೇರಿತು.
ಕಡೆಗೆ ಡೈರಿಯ ಕರಿಯಪ್ಪ ಹಳೆಯ ಲ್ಯಾಕ್ಟೋಮೀಟರ್ ಕೊಟ್ಟ.
ಅದು ತೇಲಿತು,
ಹಾಲಲ್ಲ ಎಂದು ಗೊತ್ತಿದ್ದೂ.

ನನ್ನ ಅಂಗಡಿಯಲ್ಲಿ ಅಂಕಿ ಇಳಿದರೆ ಬ್ಯಾಟರಿ ಸತ್ತಿತು.
ಡೈರಿಯಲ್ಲಿ ಇಳಿದರೆ ಯಾರೋ ನೀರು ಬೆರೆಸಿದರು.
ಇಳಿಯುವುದನ್ನು ಕಂಡರೆ ಎದೆ ಧಸಕ್ಕೆನ್ನುವುದು
ಇಪ್ಪತ್ತೆರಡು ವರ್ಷದ ರೂಢಿ.
ಇಲ್ಲಿ ಮಾತ್ರ ಇಳಿಯಲಿ, ಇನ್ನೂ ಇಳಿಯಲಿ ಎಂದು
ಒಂದು ಕಣ್ಣು ಮುಚ್ಚಿ ಬಗ್ಗಿ ಕಾಯುತ್ತೇನೆ.
ಮೊದಲ ದಿನ ನಲವತ್ತಿತ್ತು.
ಸದ್ದು ನಿಂತ ದಿನ ಹದಿನಾರು.
ಮರುದಿನ ಹದಿನಾಲ್ಕು: ತುಟಿ ಬಿಚ್ಚದೆ
ಒಳಗೊಳಗೇ ಸಕ್ಕರೆ ತಿನ್ನುತ್ತಲೇ ಇತ್ತು.
ಆಮೇಲೆ ಹನ್ನೊಂದು. ಆಮೇಲೆ ಹತ್ತು.

ಹೆಂಡತಿ ದೋಸೆಹಿಟ್ಟಿನ ಪಾತ್ರೆ ಎತ್ತಿಟ್ಟು ನಗುತ್ತಾಳೆ:
"ಹಿಟ್ಟು ಬಂದೈತೋ ಇಲ್ಲೋ ನಾನು ಬಾಗಿಲಲ್ಲೇ ಹೇಳ್ತೀನಿ,
ನಿಮಗ್ಯಾಕೆ ಗಾಜಿನ ಕಡ್ಡಿ?"
ನಿಜ. ಆದರೆ ಅವಳ ಹಿಟ್ಟು ಬೆಳಿಗ್ಗೆಯೇ ಕಾವಲಿಗೆ ಹೋಗುತ್ತದೆ,
ಯಾರೂ ಅದಕ್ಕೆ ಬಿರಡೆ ಜಡಿದು
ಮಂಚದಡಿ ಇಡುವುದಿಲ್ಲ.

ಓಬಳೇಶ ದಿನಾ ಅಂಗಡಿ ಮುಚ್ಚುವ ಹೊತ್ತಿಗೆ ಬರುತ್ತಾನೆ,
ಚಪ್ಪಲಿ ಬಿಡುವ ಮೊದಲೇ "ಎಷ್ಟು?"
ಹತ್ತು.
ಮಾರನೆಯ ದಿನವೂ ಹತ್ತು.
"ಅದೇ ಅಂಕಿ ನೋಡಾಕ ಇನ್ನೊಂದು ದಿನ ಯಾಕ?"
ಒಂದು ಸಲ ನಿಂತದ್ದು ನಿಂತದ್ದಲ್ಲ ಕಣೋ, ಎಂದೆ.
ಅವನು ಹುಬ್ಬು ಸವರಿಕೊಂಡ.

ಇವತ್ತು ಮೂರನೆಯ ದಿನ. ಹತ್ತು.
ಅಳೆದ ಲೋಟವನ್ನು ಚೆಲ್ಲದೆ ಕುಡಿದೆ:
ಸಿಹಿಯೆಲ್ಲ ಹೋಗಿ
ಸೀದ ರಾಗಿರೊಟ್ಟಿಯ ಅಂಚು ಉಳಿದಿದೆ.
ತಳದಲ್ಲಿ ಗಸಿ, ಮೇಲೆ ತಿಳಿ.
ತೊಳೆದ ಬಾಟಲಿಗಳು ಬಾಯಿ ಕೆಳಗಾಗಿ ಸಾಲಿಗೆ ನಿಂತಿವೆ.
ಜಗಳೂರಿಗೆ ಟ್ರ್ಯಾಕ್ಟರ್ ಬ್ಯಾಟರಿ ಕೂರಿಸಲು ಹೋದ ಓಬಳೇಶ
ಕೊನೇ ಬಸ್ಸಿನಿಂದಲೂ ಇಳಿಯಲಿಲ್ಲ.

ಗೋಣಿತಾಟು ಮತ್ತೆ ಹೊದಿಸಿದೆ.
ಮುಗಿದದ್ದು ಇನ್ನೊಂದು ರಾತ್ರಿ ಕಾದರೆ ಕೆಡುವುದಿಲ್ಲ.
ಷಟರ್ ಎಳೆಯುವಾಗ ಹೊಗೆಯ ತುಂಬ
ಹುರಿದ ಅಕ್ಕಿಯ ವಾಸನೆ.