ಇಪ್ಪತ್ತೆಂಟು ಡಿಗ್ರಿ

ತಾರ್ತುವಿನ ಬೀದಿಯಲ್ಲಿ ಸೊನ್ನೆಗೂ ಹತ್ತೊಂಬತ್ತು ಕೆಳಗೆ.
ನೆಲಮಾಳಿಗೆಯಲ್ಲಿ, ನನ್ನ ನಲವತ್ತು ತೊಟ್ಟಿಗಳಲ್ಲಿ,
ಇಪ್ಪತ್ತೆಂಟು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.
ಬಸುರಿಯನ್ನು ನೋಡಿಕೊಳ್ಳುವ ಹಾಗೆ ಈ ನೀರನ್ನು
ಒಂಬತ್ತು ವರ್ಷ ನೋಡಿಕೊಂಡಿದ್ದೇನೆ.
ಅದಕ್ಕೂ ಮೊದಲು ಹಾಲಿನ ಕಾರ್ಖಾನೆಯಲ್ಲಿದ್ದೆ.
ಅಲ್ಲಿಯೂ ಇದೇ ಕೆಲಸ:
ಮುಳ್ಳು ಎಲ್ಲಿ ನಿಂತಿದೆ, ನೋಡುವುದು.

ಕಿರುಬೆರಳಷ್ಟು ಮೀನು. ಮೈತುಂಬ ನೀಲಿ ಗೆರೆ,
ಲೆಕ್ಕದ ಪುಸ್ತಕಕ್ಕೆ ಎಳೆದ ಹಾಗೆ.
ಗಂಗೆಯ ಬಯಲಿನ ಗದ್ದೆನೀರು ಇವುಗಳ ತವರಂತೆ.
ಹಿಮ ಎಂದರೇನೆಂದು ಇವಕ್ಕೆ ಯಾರೂ ಹೇಳಿಲ್ಲ,
ನಾನೂ ಹೇಳುವುದಿಲ್ಲ.

ಮರಿಯಂತೂ ಬರೀ ಗಾಜು.
ಎರಡನೇ ದಿನಕ್ಕೇ ಒಳಗೆ ಹೃದಯ ಹೊಡೆಯುವುದು ಕಾಣುತ್ತದೆ,
ಸಾಸಿವೆಯ ತುಂಡಿಗಿಂತ ಚಿಕ್ಕದು.
ದೊಡ್ಡ ಮೀನಿನ ಹೃದಯದಲ್ಲಿ ಐದರಲ್ಲೊಂದು ಪಾಲು ಕತ್ತರಿಸಿದರೆ
ಎರಡು ತಿಂಗಳಿಗೆ ಮತ್ತೆ ತುಂಬಿಕೊಳ್ಳುತ್ತದೆ,
ಏನೂ ಆಗಿಯೇ ಇಲ್ಲವೆಂಬಂತೆ ಊಟಕ್ಕೆ ಮೇಲೆ ಬರುತ್ತದೆ.
ಹೇಗೆ ಎಂದು ಕೇಳುವುದಕ್ಕೇ
ಡಾಕ್ಟರ್ ಉರ್ವೆ ಸರಪೂ ಸರ್ಕಾರವನ್ನು
ನಾಲ್ಕು ವರ್ಷದ ಹಣ ಕೇಳಿದ್ದು.

ಅರ್ಜಿ ಎಂಬತ್ತಾರು ಪುಟ.
ಅದರಲ್ಲಿ ನಾನೂ ಇದ್ದೆ, ಸಿಬ್ಬಂದಿ ಎಂಬ ಪಟ್ಟಿಯ ಕೆಳಸಾಲಲ್ಲಿ.
ಹೆಸರು ಇರಲಿಲ್ಲ. ಸೊನ್ನೆ ಪಾಯಿಂಟ್ ಐದು ಎಂದಿತ್ತು.
ಅರ್ಧ ಹುದ್ದೆ, ಅರ್ಧ ಹೆಂಗಸು;
ಮೀನಿಗೆ ಮಾತ್ರ ಇಡೀ ಕೈ ಬೇಕು.

ಸಮಾಜಕ್ಕೆ ಉಪಯೋಗವೇನು,
ಐನೂರು ಅಕ್ಷರ ಮೀರದಂತೆ ಬರೆಯಿರಿ, ಎಂಬ ಒಂದು ಚೌಕ.
ಉರ್ವೆ ಅಲ್ಲಿ ವೊರು ಊರಿನ ಹುಡುಗ ತಾವಿಯನ್ನು ಕೂರಿಸಲು ನೋಡಿದಳು,
ಏಳು ವರ್ಷ, ಮೆಟ್ಟಿಲ ನಡುವೆ ಕೂತು ಉಸಿರು ಎಣಿಸುವವನು.
ಹಿಡಿಸಲಿಲ್ಲ. ಮೊದಲು ಮೆಟ್ಟಿಲು ತೆಗೆದಳು,
ಆಮೇಲೆ ಊರು. ಕಡೆಗೆ ತಾವಿಯನ್ನೇ ತೆಗೆದು
ರೋಗಿಗಳು ಎಂದು ಬರೆದಳು.
ಹನ್ನೊಂದು ಅಕ್ಷರ ಮಿಕ್ಕವು.

ಉತ್ತರ ಬಂದದ್ದು ನವೆಂಬರಿನಲ್ಲಿ, ಬಹಳ ಮರ್ಯಾದೆಯ ಉತ್ತರ.
ಪ್ರಸ್ತಾವ ಅತ್ಯುತ್ತಮ, ಐದಕ್ಕೆ ನಾಲ್ಕೂವರೆ,
ಬೆಂಬಲಕ್ಕೆ ಎಲ್ಲ ರೀತಿಯಲ್ಲೂ ಅರ್ಹ,
ಆದರೆ ಈ ಸಲದ ಗೆರೆ
ನಿಮಗಿಂತ ಕೂದಲೆಳೆ ಮೇಲೆ ಬಿದ್ದಿದೆ.
ಉರ್ವೆ ಓದಿ, ಕನ್ನಡಕ ಒರೆಸಿ, ಮತ್ತೆ ಓದಿದಳು.
ಬೈದಿದ್ದರೆ ಚೆನ್ನಾಗಿತ್ತು, ಎಂದಳು,
ತಿದ್ದಿಕೊಳ್ಳಲು ಏನಾದರೂ ಇರುತ್ತಿತ್ತು.

ಹಣ ಹೋದದ್ದು ಮೂರನೇ ಮಹಡಿಗೆ,
ಮರೆವಿನ ರೋಗದ ಬೆನ್ನು ಹತ್ತಿದವರಿಗೆ.
ನಾನು ಅವರನ್ನು ಬೈಯಲು ಮೆಟ್ಟಿಲು ಹತ್ತಿದೆ,
ನಿಜವಾಗಿ, ಕೈಯಲ್ಲಿ ಬಲೆಕೋಲು ಹಿಡಿದೇ.
ಎರಡನೇ ಮಹಡಿಯಲ್ಲಿ ಅಮ್ಮ ನೆನಪಾದಳು.
ಕೊನೆಯ ಚಳಿಗಾಲ ಅವಳು ನನ್ನನ್ನು ಕರೆದದ್ದು
ನಾವು ಎಂದೋ ಮಾರಿದ ಹಸುವಿನ ಹೆಸರಿಂದ,
ಎಷ್ಟು ಪ್ರೀತಿಯಿಂದ ಕರೆಯುತ್ತಿದ್ದಳೆಂದರೆ
ನಾನು ಓಗೊಡುತ್ತಿದ್ದೆ.
ಇಳಿದು ಬಂದೆ. ಬಲೆಕೋಲಿನಿಂದ ನೀರು ತೊಟ್ಟಿಕ್ಕಿ
ಮೆಟ್ಟಿಲೆಲ್ಲ ಒದ್ದೆ; ನಾನೇ ಒರೆಸಿದೆ.

ಡಿಸೆಂಬರ್ ಮೂವತ್ತೊಂದಕ್ಕೆ ಒಪ್ಪಂದ ಮುಗಿಯಿತು.
ಊರು ಪಟಾಕಿ ಹೊಡೆಯಿತು. ತೊಟ್ಟಿಯ ನೀರು ಸಣ್ಣಗೆ ನಡುಗಿರಬೇಕು.
ನನಗೆ ನಿದ್ದೆ ಬರಲಿಲ್ಲ:
ಮೀನಿಗೆ ಹೊಸ ವರ್ಷ ಗೊತ್ತಿಲ್ಲ, ಹಸಿವು ಗೊತ್ತು.

ಬೆಳಗ್ಗೆ ಏಳೂವರೆ, ಇನ್ನೂ ಕಗ್ಗತ್ತಲು.
ಬಾಗಿಲಿಗೆ ಕಾರ್ಡು ತೋರಿಸಿದೆ, ಕಳ್ಳಿಯ ಹಾಗೆ ಅತ್ತಿತ್ತ ನೋಡಿ.
ಹಸಿರು ದೀಪ.
ಆಫೀಸಿನಲ್ಲಿ ಯಾರೋ ನನ್ನನ್ನು ಅಳಿಸಲು ಮರೆತಿದ್ದಾರೆ.
ಮರೆವೇ, ನಿನಗೂ ಒಂದು ದಿನ ಔಷಧಿ ಬರಲಿ,
ಆದರೆ ಈ ವಾರ ಬೇಡ.

ಕರೆಂಟಿನ ಬಿಲ್ಲು ಇನ್ನು ಯಾರ ಹೆಸರಿಗೆ ಬರುತ್ತದೋ.
ಸಿಗಡಿಮರಿಯ ಶೀಶೆ ಅಲುಗಿಸಿದೆ. ಮುಳ್ಳು ನೋಡಿದೆ.
ಇಲ್ಲಿ ಸೂರ್ಯ ಹುಟ್ಟುವುದು ಒಂಬತ್ತಕ್ಕೆ.
ಇವುಗಳ ಬೆಳಗು ಎಂಟಕ್ಕೆ,
ಅದಕ್ಕೆ ಗೋಡೆಯ ಮೇಲೊಂದು ಬಿಳಿ ಸ್ವಿಚ್ಚು.
ಕೋಟು ಬಿಚ್ಚದೆ ಅದರ ಮುಂದೆ ನಿಂತಿದ್ದೇನೆ,
ಇನ್ನೆರಡು ನಿಮಿಷ.