ತೂತಿನ ಲೆಕ್ಕ

ಮುಖ ನೋಡಿದರೆ ನನಗೆ ಹೆಸರು ಹೊಳೆಯೋದಿಲ್ಲ,
ಸೊಂಟ ನೋಡಿದರೆ ಹೇಳಿಬಿಡ್ತೀನಿ.
ತುಮಕೂರು ಬಸ್‌ಸ್ಟ್ಯಾಂಡಿನ ಹೊರಗೆ, ಎಳನೀರು ಗಾಡಿಗೂ
ಮೊಬೈಲ್ ಕವರಿನವನ ಛತ್ರಿಗೂ ನಡುವೆ
ಮೂರಡಿ ಜಾಗ ನಂದು. ಒಂದು ಉಳಿ, ಒಂದು ಸುತ್ತಿಗೆ,
ಹುಣಸೆ ಮರದ ತುಂಡು. ಹಗ್ಗದ ಮೇಲೆ
ನಲವತ್ತು ಬೆಲ್ಟು. ಗಾಳಿ ಬಂದರೆ ಬಕಲ್ಲಿಗೆ ಬಕಲ್ ತಾಕಿ
ಮೇಕೆಮಂದೆ ಹೊರಟ ಹಾಗೆ ಸದ್ದು.

ತೂತಿಗೆ ಹತ್ತು ರೂಪಾಯಿ.
ಹೊರಗಡೆಗೆ ಹಾಕಿಸೋರು ನಗ್ತಾರೆ,
ಮಗಳ ಬಾಣಂತನ, ತಮ್ಮನ ಮದುವೆ, ಹೋಳಿಗೆ, ತುಪ್ಪ.
ಒಳಗಡೆಗೆ ಹಾಕಿಸೋರು
ಡಯಟ್ಟು ಅಂತಾರೆ. ನಾನು ಮೇಲೆ ಕೇಳಲ್ಲ.

ಸಾದಾ ಬೇಕು ಅನ್ನೋರದ್ದೇ ಕಾಟ ಜಾಸ್ತಿ.
ಹೊಲಿಗೆ ಕಾಣಬಾರದು, ಬಕಲ್ ಮಿಂಚಬಾರದು, ಅಕ್ಷರ ಇರಬಾರದು
ಅಂತ ಕಾಲೇಜು ಹುಡುಗನೊಬ್ಬ ಅರ್ಧ ಗಂಟೆ ಹುಡುಕಿದ.
ಏನೂ ಇಲ್ಲದ್ದನ್ನ ಹುಡುಕೋಕೆ ಎಷ್ಟು ಹೊತ್ತು ಬೇಕು ನೋಡಿ!
ಸಿಕ್ಕಿದ್ದಕ್ಕೆ ಎಪ್ಪತ್ತು ಹೆಚ್ಚು ಹೇಳಿದೆ. ಕೊಟ್ಟ.

ಇನ್ನೊಬ್ಬಳು ಅಜ್ಜಿಯ ಬೆಳ್ಳಿ ಡಾಬು ತಂದಿದ್ದಳು,
ಕರಿ ಕುರ್ತಾದ ಮೇಲೆ ಹಾಕ್ತೀನಿ, ತೂತು ಹಾಕಿ ಅಂತ.
ಬೆಳ್ಳಿ ನನ್ನ ಉಳಿಗೆ ಬಗ್ಗಲ್ಲಮ್ಮ,
ಅಕ್ಕಸಾಲಿಯ ಹತ್ತಿರ ಹೋಗು ಅಂದೆ.
ನಿಜ ಏನಂದರೆ, ಕೈ ನಡುಗಿತು.

ಪಾವಗಡ ಲೈನಿನ ಏಜೆಂಟು ಸೀಬಣ್ಣ.
ಗಿಳಿಹಸಿರು ಶರ್ಟು, ಕೊರಳಿಗೆ ಗುಲಾಬಿ ಕರ್ಚೀಫು, ಬಿಳಿ ಶೂ,
ನಾಲ್ಕು ಬೆರಳಿಗೆ ಐದು ಉಂಗುರ,
ಸೊಂಟದಲ್ಲಿ ಬಾಯಿ ತೆರೆದ ಹಿತ್ತಾಳೆ ಸಿಂಹ,
ರಾಗಿಮುದ್ದೆಯಷ್ಟು.
ಕೋಲೆ ಬಸವ ಬಂದ ಅಂತ ಡ್ರೈವರುಗಳು ರೇಗಿಸಿದರೆ
'ಮುದುಕೀರಿಗೆ ಬೋರ್ಡು ಓದೋಕೆ ಬರಲ್ಲ ಕಣ್ರೋ,
ನನ್ನನ್ನ ಓದ್ತಾರೆ' ಅನ್ನೋನು.

ಯುಗಾದಿ ಕಳೆದು ಒಂದು ತೂತು, ಒಳಗೆ.
ಗಣೇಶನ ಹಬ್ಬಕ್ಕೆ ಎರಡು.
'ಸಿಂಹಕ್ಕೆ ಹಸಿವು ಮೂಡ್ಲಪ್ಪ, ನನ್ನೇ ತಿಂತಾ ಇದೆ.'
ದೀಪಾವಳಿಗೆ ಬೆಲ್ಟಿನ ಬಾಲ
ಬೆನ್ನಿನ ತನಕ ಸುತ್ತಿ ಬಂದಿತ್ತು.
ಶರ್ಟು ಮಾತ್ರ ಇನ್ನಷ್ಟು ಹಸಿರು.

ಸಂಕ್ರಾಂತಿ ಆದ ಮೇಲೆ ಅವನ ತಂಗಿ ಬಂದಳು,
ಲಲಿತಾಕ್ಷಿ, ಜಿಲ್ಲಾಸ್ಪತ್ರೆಯ ನರ್ಸು.
ಬೂದು ಸೀರೆ, ಒಂದು ವಾಚು, ಒಂದೇ ಪಿನ್ನು,
ಕಿವಿಯಲ್ಲಿ ಸಾಸಿವೆ ಕಾಳಿನಂಥ ಓಲೆ.
ಪೇಪರು ಬಿಡಿಸಿದರೆ ಸಿಂಹ.
'ನನ್ನ ಅಳತೆಗೆ ಮಾಡಿಕೊಡಿ.'

ಮಾರಿಬಿಡಮ್ಮ ಅನ್ನೋದರಲ್ಲಿದ್ದೆ.
ಹೊಸ ತೂತು ಬೇಕಾಗಲೇ ಇಲ್ಲ,
ಗಣೇಶನ ಹಬ್ಬದ ಎರಡನೆಯದು
ಸರಿಯಾಗಿ ಕೂತಿತು.

ಚೆಂದ ಕಾಣ್ತು ಅಂದರೆ ಸುಳ್ಳು.
ಬೂದು ಸೀರೆಯ ಮೇಲೆ ಕಂಡಿತು, ಅಷ್ಟೇ.
ಆಚೆ ತುದಿಯಿಂದ, ಸೊಪ್ಪಿನ ಗಂಟು ಹೊತ್ತ ಒಬ್ಬಳು ಮುದುಕಿ
ಮೂರು ಬಸ್ಸು ದಾಟಿ ನೇರ ಅವಳ ಮುಂದೆ ಬಂದು ನಿಂತು
'ಪಾವಗಡದ್ದು ಯಾವ್ದವ್ವ?' ಅಂದಳು.
ಲಲಿತಾಕ್ಷಿ ಬಾಯಿ ತೆರೆದಳು, ಮುಚ್ಚಿದಳು,
ಆಮೇಲೆ ಕೈ ಎತ್ತಿ ತೋರಿಸಿದಳು.

ಹತ್ತರ ನೋಟು ನೀಡಿದಳು.
ತೂತೇ ಹಾಕಿಲ್ಲವಲ್ಲಮ್ಮ, ಅಂದೆ.

ರಾತ್ರಿ ಬಚ್ಚಲಲ್ಲಿ ಲುಂಗಿ ಬಿಚ್ಚಿದರೆ
ನನ್ನ ಸೊಂಟಕ್ಕೆ ಒಂದು ಉಡುದಾರ. ಕರಿ ನೂಲು.
ಬಕಲ್ ಇಲ್ಲ, ತೂತಿಲ್ಲ, ಯಾರೂ ನೋಡಿದ್ದಿಲ್ಲ.
ಬೆರಳು ತೂರಿಸಿ ನೋಡಿದೆ,
ಹೋದ ವರ್ಷಕ್ಕಿಂತ ಒಂದು ಬೆರಳು ಹೆಚ್ಚು ಆಡ್ತದೆ.

ನಲವತ್ತರಲ್ಲಿ ಕೆಂಪನೆಯದೊಂದಿದೆ,
ಅಂಗೈ ಅಗಲ, ನವಿಲಿನ ಬಕಲ್ಲು,
ಎರಡು ವರ್ಷದಿಂದ ಯಾರೂ ಮುಟ್ಟಿಲ್ಲ,
ಬಿಸಿಲಿಗೆ ಒಂದು ಮಗ್ಗುಲು ಬಿಳಚಿದೆ.
ನಾಳೆ, ಲುಂಗಿಯ ಮೇಲೇ,
ಕಟ್ಟಿಕೊಂಡು ಕೂತರೆ ಏನಂತೆ.